ಒಲವಿನ ದಿಕ್ಕು ಮತ್ತು ಹಾರ್ಮೋನು

1952ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞನ ಮುಂದೆ ಎರಡು ದಾರಿಗಳನ್ನಿಟ್ಟಿತು: ಸೆರೆಮನೆ, ಇಲ್ಲವೇ ಒಂದು ವರ್ಷದ ಹಾರ್ಮೋನು ಚಿಕಿತ್ಸೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗೂಢಲಿಪಿಯನ್ನು ಬಿಡಿಸಿದವರಲ್ಲಿ ಆತ ಪ್ರಮುಖ. ಇನ್ನೊಬ್ಬ ಗಂಡಸಿನೊಡನೆ ಸಂಬಂಧವಿಟ್ಟುಕೊಂಡದ್ದೇ ಆತನ ಅಪರಾಧ. ಟ್ಯೂರಿಂಗ್ ಎರಡನೆಯ ದಾರಿ ಹಿಡಿದ. ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ಮೈಸೇರಿ ಎದೆ ಬೆಳೆಯಿತು. 1954ರ ಜೂನ್‌ನಲ್ಲಿ ಸಯನೈಡ್ ವಿಷದಿಂದ ಆತ ತೀರಿಕೊಂಡ. ವಿಚಾರಣೆ ನಡೆಸಿದ ಅಧಿಕಾರಿ ಆತ್ಮಹತ್ಯೆಯೆಂದು ಬರೆದರು.

ಗಂಡಸು ಗಂಡಸಿನತ್ತ ಒಲಿಯುವುದು ಹಾರ್ಮೋನಿನ ಏರುಪೇರಿನಿಂದ ಎಂಬ ನಂಬಿಕೆ ಅದಕ್ಕೂ ಹಳೆಯದು. ವಿಯೆನ್ನಾದ ಆಯ್ಗೆನ್ ಸ್ಟೈನಾಖ್ ಎಂಬ ವಿಜ್ಞಾನಿ, ಬೀಜ ತೆಗೆದ ಗಂಡು ಇಲಿಗಳಿಗೆ ಅಂಡಾಶಯ ಕಸಿಮಾಡಿ ಅವು ಹೆಣ್ಣಿನಂತೆ ವರ್ತಿಸುವುದನ್ನು ಕಂಡಿದ್ದ. ಅಷ್ಟರಿಂದಲೇ ಧೈರ್ಯ ತಂದುಕೊಂಡು, ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಶಸ್ತ್ರವೈದ್ಯರ ಜೊತೆಗೂಡಿ ಸಲಿಂಗಕಾಮಿ ಗಂಡಸರಿಗೆ ಬೇರೆಯವರ ವೃಷಣವನ್ನು ಕಸಿಮಾಡಿಸಿದ. ಗುಣವಾಯಿತೆಂಬ ಸುದ್ದಿ ಹಬ್ಬಿತಾದರೂ ನಿಲ್ಲಲಿಲ್ಲ.

1935ರಲ್ಲಿ ಪ್ರಯೋಗಶಾಲೆಯಲ್ಲೇ ಟೆಸ್ಟೊಸ್ಟಿರೋನ್ ತಯಾರಾದ ಮೇಲೆ ಪರೀಕ್ಷೆ ಸುಲಭವಾಯಿತು. ಅಮೆರಿಕದ ವೈದ್ಯರು ಅದನ್ನು ಇಂಥವರಿಗೆ ಕೊಟ್ಟು ನೋಡಿ 1944ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಲ್ಲಿ ಆಸೆ ಹೆಚ್ಚಿತು, ಆದರೆ ಅದು ಮೊದಲಿದ್ದ ದಿಕ್ಕಿನಲ್ಲೇ! ಬೆಳೆದ ವ್ಯಕ್ತಿಯಲ್ಲಿ ಹಾರ್ಮೋನು ಒಲೆಯ ಉರಿಯನ್ನು ಹೆಚ್ಚುಕಡಿಮೆ ಮಾಡೀತು, ಒಲೆ ಮೇಲಿನ ಅಡುಗೆಯನ್ನು ಬದಲಿಸದು. ಟ್ಯೂರಿಂಗ್‌ಗೆ ಮದ್ದು ಕೊಟ್ಟದ್ದೂ ದಿಕ್ಕು ತಿರುಗಿಸಲಲ್ಲ, ಉರಿಯನ್ನೇ ಆರಿಸಲು. ಅದನ್ನು ಚಿಕಿತ್ಸೆ ಎನ್ನುವುದು ಮಾತಿನ ಸೌಜನ್ಯವಷ್ಟೆ.

ಹಾಗಾದರೆ ಹಾರ್ಮೋನಿಗೆ ಪಾತ್ರವೇ ಇಲ್ಲವೇ? ಇದ್ದರೆ ಅದು ಹುಟ್ಟುವ ಮೊದಲೇ ಇದ್ದೀತು. ಬಸಿರಾದ ಗಿನಿಯಿಲಿಗಳಿಗೆ ಟೆಸ್ಟೊಸ್ಟಿರೋನ್ ಕೊಟ್ಟಾಗ ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾದ ಮೇಲೆ ಗಂಡಿನಂತೆ ವರ್ತಿಸಿದ್ದನ್ನು ಕಾನ್ಸಾಸಿನ ಸಂಶೋಧಕರು 1959ರಲ್ಲಿ ವರದಿ ಮಾಡಿದರು. ಮನುಷ್ಯರ ಮೇಲೆ ಇಂಥ ಪ್ರಯೋಗ ಸಲ್ಲದು. ಆದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಹುಟ್ಟುದೋಷದಿಂದಾಗಿ ಕೆಲವು ಹೆಣ್ಣುಶಿಶುಗಳಿಗೆ ಗರ್ಭದಲ್ಲೇ ಗಂಡು ಹಾರ್ಮೋನು ಅತಿಯಾಗುತ್ತದೆ. ಮುಂದೆ ಇವರಲ್ಲಿ ಹೆಂಗಸರತ್ತ ಒಲಿಯುವವರ ಪ್ರಮಾಣ ಉಳಿದ ಹೆಂಗಸರಿಗಿಂತ ಹೆಚ್ಚು. ಆದರೂ ಬಹುಪಾಲು ಮಂದಿ ಒಲಿಯುವುದು ಗಂಡಸರತ್ತಲೇ. ಅಂದರೆ ಹಾರ್ಮೋನು ಒಂದು ಎಳೆ, ಇಡೀ ಬಟ್ಟೆಯಲ್ಲ.

ವಂಶವಾಹಿಗಳ ಕಥೆಯೂ ಹೀಗೆಯೇ. ಸುಮಾರು 4.77 ಲಕ್ಷ ಜನರನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಒಲವನ್ನು ನಿರ್ಧರಿಸುವ ಒಂಟಿ ವಂಶವಾಹಿ ಸಿಗಲಿಲ್ಲ. ಚೂರುಪಾರು ಪ್ರಭಾವ ಬೀರುವ ಹಲವು ಸೇರಿರಬೇಕೆಂದು ಅದು ಹೇಳಿತು. ಅಣ್ಣಂದಿರು ಹೆಚ್ಚಿದ್ದಷ್ಟೂ ತಮ್ಮನು ಸಲಿಂಗಿಯಾಗುವ ಸಂಭವ ತುಸು ಹೆಚ್ಚೆಂಬ, 1996ರಲ್ಲಿ ಕೆನಡಾದ ಸಂಶೋಧಕರು ಕಂಡುಕೊಂಡ ಸೋಜಿಗವೂ ಗರ್ಭದತ್ತಲೇ ಬೊಟ್ಟುಮಾಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಟ್ಯೂರಿಂಗ್‌ಗೆ ರಾಣಿಯ ಕ್ಷಮಾದಾನ ದೊರೆತದ್ದು 2013ರಲ್ಲಿ. ಬ್ರಿಟಿಷರೇ ಇಲ್ಲಿ ಬಿಟ್ಟುಹೋದ 377ನೇ ಕಲಮನ್ನು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸುವಂತಿಲ್ಲವೆಂದು ಭಾರತದ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿತು. ಒಲವು ಬದಲಿಸುತ್ತೇವೆಂದು ಚಿಕಿತ್ಸೆಗಿಳಿಯುವುದು ವೈದ್ಯರ ವೃತ್ತಿದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿದ್ದು 2022ರಲ್ಲಿ.