ಗುಜರಿ ಕಬ್ಬಿಣದ ಉಳಿ: ಮಾಡಬಹುದಾದದ್ದು, ಮುಟ್ಟಬಾರದ್ದು

ಓಲ್ಡ್ ಏರ್‌ಪೋರ್ಟಿನಲ್ಲಿ ರೂಮು, ಕೆಲಸ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಅಥವಾ ವೆಲ್ಡಿಂಗ್ ಶಾಪಿನಲ್ಲಿ, ಇಂಥವರು ಇವತ್ತು ಬಹಳ ಜನ ಬಂದಿದ್ದೀರಿ. ಬೇಕಾದ ಟೂಲು ಸಿಗದಿದ್ದರೆ ಸ್ಕ್ರಾಪಿನಿಂದಲೇ ಒಂದು ಮಾಡಿಕೊಳ್ಳೋದು ನಮ್ಮವರಿಗೆ ಹೊಸದಲ್ಲ. ಊರಲ್ಲಿ ಕಮ್ಮಾರರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಕುಡುಗೋಲು, ಮಚ್ಚು ಬಡಿಯುತ್ತಾರಲ್ಲ, ಅದೇ ಪಟ್ಟಿ ಕಬ್ಬಿಣ ಕಡಿಯುವ ಉಳಿಗೂ ಒಳ್ಳೇದು. ಅದರಲ್ಲಿ ಇಂಗಾಲ ಹೆಚ್ಚು, ಹದ ಹಿಡಿಯುತ್ತದೆ.

ತುಂಡನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದಿಡಿ. ನಿಧಾನ ಆರಿದರೆ ಮೆತ್ತಗಾಗುತ್ತದೆ, ಅರದಿಂದ ಉಜ್ಜಿ ರೂಪ ಕೊಡಬಹುದು. ಆಮೇಲೆ ಬಾಯಿಯ ಕಡೆ ಮಾತ್ರ, ಎರಡು ಬೆರಳಗಲ, ಅಯಸ್ಕಾಂತ ಅಂಟದಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಿ. ಎಣ್ಣೆ ಭಗ್ ಅಂತ ಹತ್ತಿಕೊಳ್ಳಬಹುದು, ಡಬ್ಬಿ ಕಬ್ಬಿಣದ್ದಿರಲಿ, ಮುಚ್ಚಳ ಕೈಗೆ ಸಿಗುವಂತಿರಲಿ. ಈಗ ಉಳಿ ಗಾಜಿನ ಹಾಗೆ, ಹೊಡೆದರೆ ಒಡೆಯುತ್ತದೆ. ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿ: ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ. ನೇರಳೆ ಬಂದ ತಕ್ಷಣ ನಿಲ್ಲಿಸಿ. ಸುತ್ತಿಗೆ ಬೀಳುವ ತಲೆಗೆ ಹದ ಬೇಡ. ಆ ತಲೆ ಅಣಬೆಯಂತೆ ಅರಳಿದರೆ ಅಂಚು ಗ್ರೈಂಡ್ ಮಾಡಿ, ಇಲ್ಲದಿದ್ದರೆ ಅದರ ಚೂರು ಹಾರೋದು ಕಣ್ಣಿಗೇ. ಹಳೇ ಅರವನ್ನೇ ಉಳಿ ಮಾಡಿ ಹೊಡೆಯಬೇಡಿ, ಅದು ಬಹಳ ಗಡಸು, ಸಿಡಿಯುತ್ತದೆ.

ಇನ್ನು ಕೆಲವನ್ನು ಮುಟ್ಟಲೇಬೇಡಿ. ಪೆಟ್ರೋಲು, ಥಿನ್ನರ್ ಇದ್ದ ಡ್ರಮ್ಮು ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ, ಗ್ರೈಂಡರಿನ ಒಂದು ಕಿಡಿ ಸಾಕು. ಹಳೇ ಗ್ಯಾಸ್ ಸಿಲಿಂಡರಿನಲ್ಲಿ ಗಾಳಿ ತುಂಬಬೇಡಿ. ಕಟ್ಟಡದ ಸರಳು ಬಗ್ಗಿಸಿ ಭಾರ ಎತ್ತುವ ಕೊಕ್ಕೆ ಮಾಡಬೇಡಿ. ಜಿಐ ಪೈಪು ಬೆಸೆದರೆ ಸತುವಿನ ಹೊಗೆಯಿಂದ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಏನೂ ಆಗಲ್ಲ ಅನ್ನುತ್ತಾರೆ, ಅದನ್ನು ನಂಬಬೇಡಿ. ಬೆಸೆಯುವ ಜಾಗದ ಲೇಪ ಮೊದಲು ತೆಗೆಯಿರಿ, ಗಾಳಿಯಾಡುವ ಕಡೆ ಕೂತು, ಹೊಗೆ ತಡೆಯುವ ಮಾಸ್ಕ್ ಹಾಕಿಕೊಂಡು ಕೆಲಸ ಮಾಡಿ.

ಮೂಲೆಯಲ್ಲಿ ಬಿದ್ದಿದ್ದರೂ ಸ್ಕ್ರಾಪು ಕಂಪನಿಯದೇ. ಫೋರ್‌ಮನ್‌ನ ಕೇಳಿ ತಗೊಳ್ಳಿ, ಗೇಟಿನಾಚೆ ಒಯ್ಯೋದಾದರೆ ಅನುಮತಿ ಬರಹದಲ್ಲಿರಲಿ. ಒಂದು ಪಟ್ಟಿಗಾಗಿ ಕಳ್ಳತನದ ಕೇಸಾದರೆ ಊರಿಗೆ ಹೋಗೋದೂ ಕಷ್ಟವಾದೀತು.

ಕನ್ನಡಕ, ಗ್ಲೌಸು ಕೇಳೋಕೆ ಸಂಕೋಚ ಬೇಡ. ಕತಾರಿನ 2004ರ 14ನೇ ನಂಬರಿನ ಕಾರ್ಮಿಕ ಕಾನೂನಿನಂತೆ ಸುರಕ್ಷತೆಯ ಖರ್ಚನ್ನು ನಿಮ್ಮ ಸಂಬಳದಲ್ಲಿ ಹಿಡಿಯುವಂತಿಲ್ಲ. ಪೆಟ್ಟಾದರೆ ಮೊದಲು 999ಕ್ಕೆ ಫೋನ್ ಮಾಡಿ, ಸೂಪರ್‌ವೈಸರ್‌ಗೆ ಆಮೇಲೆ.