ಹಾಲಿನ ಕ್ಯಾನಿನಲ್ಲಿ ಹುಗಿದ ಕಾಗದಗಳು



ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ 1940ರ ನವೆಂಬರಿನಲ್ಲಿ ನಾಜಿಗಳು ಯೆಹೂದ್ಯರನ್ನು ಒಂದೇ ಕೇರಿಯೊಳಗೆ ಕೂಡಿಹಾಕಿ, ಗೋಡೆಯ ಬಾಗಿಲುಗಳನ್ನು ಮುಚ್ಚಿಬಿಟ್ಟರು. ಇದೇ ವಾರ್ಸಾದ ಘೆಟ್ಟೊ. ಒಳಗಿದ್ದವರು 4 ಲಕ್ಷಕ್ಕೂ ಮಿಕ್ಕಿದ ಜನ. ಸ್ಥಳವೋ 4 ಚದರ ಕಿಲೋಮೀಟರೂ ಇಲ್ಲ. ಹಸಿವಿನಿಂದ, ಟೈಫಸ್ ಜ್ವರದಿಂದ ಜನ ಬೀದಿಯಲ್ಲೇ ಪ್ರಾಣ ಬಿಟ್ಟರು.

ಅಲ್ಲಿ ಎಮಾನುಯೆಲ್ ರಿಂಗೆಲ್‌ಬ್ಲೂಮ್ ಎಂಬ ಇತಿಹಾಸಪಂಡಿತರಿದ್ದರು. ಶನಿವಾರ ಅವರಿಗೆ ಪುಣ್ಯದಿನ. ಅಂದು ಕೆಲವರನ್ನು ಗುಟ್ಟಾಗಿ ಕೂಡಿಸಿಕೊಳ್ಳುತ್ತಿದ್ದರು. ಕೆಲಸವೇನು? ಕಂಡದ್ದನ್ನು ಬರೆದಿಡುವುದು, ಸಿಕ್ಕಿದ್ದನ್ನು ಕೂಡಿಡುವುದು. ಪಡಿತರ ಚೀಟಿ, ಟ್ರಾಮಿನ ಟಿಕೇಟು, ಮಿಠಾಯಿ ಸುತ್ತಿದ ಕಾಗದ ಕೂಡ! ಹಸಿದು ಸಾಯುವವರಿಗೆ ಕಾಗದವೇಕೆ ಎಂದು ನಮಗೂ ಮೊದಲು ಅನ್ನಿಸಿತು. ಆದರೆ ಅವರು ಅನ್ನವನ್ನು ಮರೆತವರಲ್ಲ. ಬಡವರಿಗೆ ಗಂಜಿ ಹಂಚುವ ವ್ಯವಸ್ಥೆಯಲ್ಲಿಯೂ ಅವರ ಕೈಯಿತ್ತು. ಕೊಲ್ಲುವವನು ಕೊಂದ ಸುದ್ದಿಯನ್ನೂ ಅಳಿಸಿಬಿಡುವನೆಂಬುದು ಅವರಿಗೆ ತಿಳಿದಿತ್ತು.

1942ರ ಜುಲೈ 22ರಿಂದ ಎರಡು ತಿಂಗಳಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನರನ್ನು ರೈಲಿನಲ್ಲಿ ತುಂಬಿ, ಟ್ರೆಬ್ಲಿಂಕಾಕ್ಕೆ ಒಯ್ದು ವಿಷಾನಿಲದಿಂದ ಕೊಂದರು. ಆಗಲೇ ಈ ಬಳಗ 10 ತಗಡಿನ ಪೆಟ್ಟಿಗೆಗಳಲ್ಲಿ ಕಾಗದಗಳನ್ನಿಟ್ಟು ಶಾಲೆಯೊಂದರ ನೆಲದಡಿ ಹುಗಿಯಿತು. 1943ರಲ್ಲಿ ಹಾಲಿನ ಎರಡು ಕ್ಯಾನುಗಳನ್ನು ಹುಗಿಯಿತು. 1944ರ ಮಾರ್ಚಿನಲ್ಲಿ ರಿಂಗೆಲ್‌ಬ್ಲೂಮ್ ದಂಪತಿಗಳನ್ನೂ ಅವರ ಮಗನನ್ನೂ ಕೊಂದರು. ಬಳಗದಲ್ಲಿ ಉಳಿದವರು ಮೂವರೇ. ಅವರಲ್ಲೊಬ್ಬರಿಗೆ ಆ ಜಾಗದ ಗುರುತಿತ್ತು.

1946ರಲ್ಲಿ ಅಗೆದಾಗ ಪೆಟ್ಟಿಗೆಗಳು ಸಿಕ್ಕವು. ಒಳಗೆ ನೀರು ನುಗ್ಗಿ ಹಾಳೆಗಳು ಹಾಳಾಗಿದ್ದವು. ಒಂದೊಂದನ್ನೇ ಬಿಡಿಸಿ ಒಣಗಿಸಬೇಕಾಯಿತು. ಕ್ಯಾನುಗಳು ಸಿಕ್ಕಿದ್ದು 1950ರಲ್ಲಿ. ಎಲ್ಲ ಸೇರಿ ಸುಮಾರು 35 ಸಾವಿರ ಪುಟಗಳು. ಮೂರನೆಯ ಗಂಟನ್ನೂ ಹುಗಿದಿದ್ದರು. ಅದು ಇಂದಿಗೂ ಸಿಕ್ಕಿಲ್ಲ.