ಮನಸ್ಸಿಗೂ ಒಂದು ಪಂಚಾಂಗ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಆಪ್ತಸಮಾಲೋಚಕಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಒಂದು ಸಂಘ ಇಪ್ಪತ್ತೈದು ವರ್ಷ ಬಾಳಿ ಬೆಳೆಯುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆ ಕೆಲಸದ ತಿರುಳು ಇಷ್ಟೇ: ಒಂದು ಹೆಗಲಿಗೆ ಭಾರವಾದದ್ದು ಹತ್ತು ಹೆಗಲಿಗೆ ಹಗುರ. ಸಾಲದ ಭಾರಕ್ಕೆ ಈ ಮಾತು ಒಪ್ಪುತ್ತದೆ ಎಂದು ನಿಮಗೆ ಗೊತ್ತು. ಮನಸ್ಸಿನ ಭಾರಕ್ಕೂ ಒಪ್ಪುತ್ತದೆ ಎಂದು ಹೇಳಲಿಕ್ಕೆ ನಾನು ಬಂದಿದ್ದೇನೆ.

ಮನಸ್ಸಿನ ಆರೋಗ್ಯದ ಬಗ್ಗೆ ಮಾತು ಇದೆ ಅಂತ ತಿಳಿದಾಗ ಕೆಲವರು, "ನಮ್ಮೂರಲ್ಲಿ ಹುಚ್ಚು ಹಿಡಿದವರು ಯಾರೂ ಇಲ್ಲವಲ್ಲ, ಮತ್ಯಾಕೆ?" ಅಂದರಂತೆ. ನೋಡಿ, ಆರೋಗ್ಯ ಅಂದರೆ ಬರೀ ಕ್ಷಯ, ಕಾಮಾಲೆ ಅಲ್ಲ. ನೆಗಡಿ, ಜ್ವರವೂ ಸೇರಿದೆ. ಹಾಗೆಯೇ ಮನಸ್ಸಿಗೂ ನೆಗಡಿ ಇದೆ, ಜ್ವರ ಇದೆ, ದೊಡ್ಡ ಕಾಯಿಲೆಯೂ ಇದೆ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ ಹನ್ನೆರಡು ರಾಜ್ಯಗಳಲ್ಲಿ ಸಮೀಕ್ಷೆ ಮಾಡಿತು. ನೂರು ಮಂದಿ ವಯಸ್ಕರಲ್ಲಿ ಹತ್ತಕ್ಕೂ ಹೆಚ್ಚು ಜನರಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಅವರೆಲ್ಲ ಎಲ್ಲಿದ್ದಾರೆ ಅಂತ ಕೇಳಬಹುದು. ನಮ್ಮ ನಡುವೆಯೇ ಇದ್ದಾರೆ, ಬೇರೆ ಹೆಸರಿನಲ್ಲಿ. ನಮ್ಮ ಶಿಕಾರಿಪುರ, ಸೊರಬದ ಕಡೆ ಯಾರೂ "ನನ್ನ ಮನಸ್ಸು ಸರಿಯಿಲ್ಲ" ಅನ್ನುವುದಿಲ್ಲ. "ತಲೆ ಭಾರ", "ಎದೆ ಒತ್ತಿದ ಹಾಗೆ", "ಹೊಟ್ಟೆಯಲ್ಲಿ ಉರಿ", "ಕೈಕಾಲಲ್ಲಿ ಸೋಲು", "ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ" ಅನ್ನುತ್ತಾರೆ. ರಕ್ತ ಪರೀಕ್ಷೆ, ಇ.ಸಿ.ಜಿ., ಸ್ಕ್ಯಾನಿಂಗ್ ಎಲ್ಲ ಆಗುತ್ತದೆ. "ಏನೂ ಇಲ್ಲ" ಅಂತ ಡಾಕ್ಟರು ಕಳಿಸುತ್ತಾರೆ. ಮನೆಯವರು "ಸುಮ್ಮನೆ ನಾಟಕ" ಅನ್ನುತ್ತಾರೆ. ಅದು ನಾಟಕ ಅಲ್ಲ. ಬಾಯಿ ಹೇಳದ್ದನ್ನು ಮೈ ಹೇಳುತ್ತಾ ಇರುತ್ತದೆ.

ಇನ್ನೊಂದು ವಿಷಯ. ನನ್ನ ಹತ್ತಿರ ಬರುವವರು ವರ್ಷವಿಡೀ ಒಂದೇ ಸಮನೆ ಬರುವುದಿಲ್ಲ. ಮಳೆ ನಕ್ಷತ್ರಗಳ ಹಾಗೆ ಅದಕ್ಕೂ ಕಾಲ ಇದೆ. 1984ರಲ್ಲಿ ಅಮೆರಿಕದ ವೈದ್ಯರು ಚಳಿಗಾಲದಲ್ಲಿ ಬಿಸಿಲು ಕಡಿಮೆಯಾದಾಗ ಬರುವ ಖಿನ್ನತೆಯನ್ನು ವಿವರಿಸಿ ಅದಕ್ಕೊಂದು ಹೆಸರು ಕೊಟ್ಟರು. ನಮ್ಮ ಕಥೆ ಸ್ವಲ್ಪ ಬೇರೆ. ನಮ್ಮಲ್ಲಿ ಋತು ಅಂದರೆ ಬೆಳಕು ಮಾತ್ರ ಅಲ್ಲ. ಕೆಲಸ, ಹಣ, ಮದುವೆ, ಪರೀಕ್ಷೆ, ಕಾಯಿಲೆ ಎಲ್ಲ ಋತುವಿನ ಜೊತೆಯೇ ಬರುತ್ತವೆ.

ಮುಂಗಾರಿನಿಂದ ಶುರು ಮಾಡೋಣ. ಬೀಜ, ಗೊಬ್ಬರ, ಶಾಲೆಯ ಫೀಜು ಮೂರೂ ಒಂದೇ ತಿಂಗಳು. ಆರಿದ್ರ, ಪುನರ್ವಸು, ಪುಷ್ಯ ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ತೋಟದಲ್ಲಿ ಕೊಳೆ ಬೀಳುವ ಹೆದರಿಕೆ, ಬೋರ್ಡೋ ಹೊಡೆಯಲಿಕ್ಕೆ ಮಳೆ ಹೊಳವು ಕೊಡುವುದಿಲ್ಲ, ಮರ ಹತ್ತುವವರು ಸಿಗುವುದಿಲ್ಲ. ಮಳೆ ಕೈಕೊಟ್ಟರೆ ಗೋವಿನಜೋಳದ ಚಿಂತೆ, ಹೆಚ್ಚಾದರೆ ಶುಂಠಿ ಕೊಳೆಯುವ ಚಿಂತೆ. ಮಾತು ಕಡಿಮೆಯಾಗುವುದು, ಕುಡಿತ ಹೆಚ್ಚಾಗುವುದು ಈ ತಿಂಗಳುಗಳಲ್ಲಿ.

ದೀಪಾವಳಿ ಕಳೆದ ಮೇಲೆ ಸೊರಬದ ಕಾಡಂಚಿನವರಿಗೆ ಇನ್ನೊಂದು ದಿಗಿಲು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ಕಾಯಿಲೆಗೆ ನಮ್ಮ ಊರಿನದೇ ಹೆಸರು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣುಗಿನ ಕಾಟ. ದರಗೆಲೆಗೆ, ಸೌದೆಗೆ ಕಾಡಿಗೆ ಹೋಗದೆ ಆಗುವುದಿಲ್ಲ; ಹೋಗಿ ಬಂದ ಮೇಲೆ ಸಣ್ಣ ಮೈಬಿಸಿ ಬಂದರೂ ಎದೆ ಡವಡವ. ಆ ಹೆದರಿಕೆಯನ್ನು ಹುಚ್ಚು ಭಯ ಅಂತ ತಳ್ಳಬಾರದು. ಜ್ವರ ಬಂದ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸುವುದೇ ಅದಕ್ಕೆ ಮದ್ದು.

ಆಮೇಲೆ ಮಾರ್ಚಿ. ಸಾಲದ ವಾಯಿದೆ, ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಪರೀಕ್ಷೆ ಎಲ್ಲ ಒಟ್ಟಿಗೆ. ಅದರ ಬೆನ್ನಿಗೇ ಜಾತ್ರೆ, ಮದುವೆ, ಹೆಣ್ಣು ನೋಡುವ ಶಾಸ್ತ್ರ. ಇಲ್ಲಿ ನಾನು ಸ್ವಲ್ಪ ನಿಂತು ಮಾತಾಡಬೇಕು. ತಾಯಂದಿರು ದಯವಿಟ್ಟು ಗಮನ ಕೊಡಿ.

ನಮ್ಮಲ್ಲಿ ಒಬ್ಬರನ್ನೊಬ್ಬರು ಕಂಡ ಕೂಡಲೇ ಆಡುವ ಮೊದಲ ಮಾತು ಯಾವುದು? "ಏನೇ ಇಷ್ಟು ಕಪ್ಪಾಗಿದೀಯ!" "ಏನೋ ತಮ್ಮಾ, ಗಾಳಿ ಬಂದರೆ ಹಾರಿಹೋಗ್ತೀಯ!" "ಹೆರಿಗೆ ಆದಮೇಲೆ ಊದಿಕೊಂಡಿದಾಳೆ ನೋಡು!" ಆಡುವವರಿಗೆ ಅದು ಪ್ರೀತಿ, ತಮಾಷೆ. ಕೇಳುವವರಿಗೆ ಮುಳ್ಳು. ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಿಸಿ. ಮೂರು ಕಡೆಯವರು ನೋಡಿ ಹೋದರು. ಮೂರೂ ಕಡೆಯಿಂದ "ಬಣ್ಣ ಸ್ವಲ್ಪ ಕಡಿಮೆ" ಎಂಬ ಉತ್ತರ ಬಂತು. ಅವಳು ನೆಟ್ಟಿಗೆ ಹೋಗುವುದನ್ನು ಬಿಟ್ಟಳು, ಬಿಸಿಲಿಗೆ ಬರುವುದನ್ನು ಬಿಟ್ಟಳು, ಕೊನೆಗೆ ಊಟವನ್ನೂ ಬಿಟ್ಟಳು. ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು ತಂದು ಹಚ್ಚಿದಳು. ಮೊದಲು ಮುಖ ಹೊಳೆಯಿತು. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲಿಗೆ ಉರಿ ಹತ್ತಿತು. ಅದರಲ್ಲಿದ್ದದ್ದು ಸ್ಟೀರಾಯ್ಡ್. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ನಮ್ಮ ಮನೆಮನೆಯಲ್ಲಿದ್ದ 'ಫೇರ್ ಅಂಡ್ ಲವ್ಲಿ' ಕೂಡ 2020ರಲ್ಲಿ ತನ್ನ ಹೆಸರಿನಿಂದ ಬಿಳುಪಿನ ಮಾತು ಕೈಬಿಟ್ಟಿತು. ಕಂಪನಿಯೇ ಬಿಟ್ಟ ಮಾತನ್ನು ನಾವು ಬಿಡಬಾರದೇ?

ಗಂಡುಮಕ್ಕಳಿಗೂ ಈ ಬಾಧೆ ತಪ್ಪಿಲ್ಲ. ಮೊಬೈಲಿನಲ್ಲಿ ಕಾಣುವ ತೋಳು, ಎದೆ ತಮಗಿಲ್ಲ ಅಂತ ಕೊರಗುವ ಹುಡುಗರು ಬೇಕಾದಷ್ಟು ಇದ್ದಾರೆ. ಏನಿದೆ ಎಂದು ತಿಳಿಯದ ಪುಡಿ, ಮಾತ್ರೆ ತಿಂದು ಮೈ ಕೆಡಿಸಿಕೊಳ್ಳುತ್ತಾರೆ. ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಮೂರ್ತಿ ಕೆತ್ತುತ್ತಾರೆ. ಅದು ಕೊರಡು, ಕೆತ್ತಬಹುದು. ಉಂಡು, ದುಡಿದು, ಹೆತ್ತು, ಬಿಸಿಲು ಮಳೆ ಕಂಡ ಮೈಯನ್ನು ಕೊರಡಿನ ಹಾಗೆ ಅಳೆಯಬಾರದು.

ಕೂದಲು ಉದುರುತ್ತದೆ, ಮುಖ ಬಾಡಿದೆ, ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಅಂದ ಹೋಯಿತು ಅಂತ ಅಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಥೈರಾಯ್ಡ್ ತೊಂದರೆಯೂ ಖಿನ್ನತೆಯ ವೇಷ ಹಾಕಿಕೊಂಡು ಬರುತ್ತದೆ.

ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಅರಸನೇ ಮೆಚ್ಚಿದ ರೂಪವನ್ನು ಲೆಕ್ಕಕ್ಕೆ ಇಡದೆ, ಕೂದಲನ್ನೇ ಉಡುಗೆ ಮಾಡಿಕೊಂಡು ನಡೆದ ಹೆಣ್ಣುಮಗಳು ಆಕೆ. ನಮ್ಮ ಹೆಣ್ಣುಮಕ್ಕಳಿಗೆ ಅಕ್ಕನ ವಚನ ಬಾಯಿಪಾಠ ಮಾಡಿಸುತ್ತೇವೆ, ಬಹುಮಾನ ಕೊಡುತ್ತೇವೆ. ಮನೆಗೆ ಬಂದ ಮೇಲೆ ಅದೇ ಮಗುವಿಗೆ "ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ" ಅನ್ನುತ್ತೇವೆ. ಭೂಮಿ ಹುಣ್ಣಿಮೆಯ ದಿನ ಪೈರು ಹೊತ್ತ ಭೂಮಿಯನ್ನು ಬಸುರಿ ಅಂತ ತಿಳಿದು, ಬುಟ್ಟಿಗೆ ಚಿತ್ತಾರ ಬರೆದು, ಬಗೆಬಗೆಯ ಅಡಿಗೆ ಮಾಡಿ ಬಯಕೆ ಬಡಿಸುವ ಜನ ನಾವು. ಗದ್ದೆಯ ಬಯಕೆ ತಿಳಿದವರಿಗೆ ಒಳಕೋಣೆಯ ಬಾಣಂತಿಯ ಬೇಸರ ತಿಳಿಯಬಾರದೇ? ಹೆರಿಗೆಯಾಗಿ ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸು ಬಾರದಿದ್ದರೆ, ಅದು ಗಾಳಿಯೂ ಅಲ್ಲ, ಸೋಮಾರಿತನವೂ ಅಲ್ಲ. ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ.

ಈಗ ಕಷ್ಟದ ಮಾತು. ಹೇಳದೆ ಹೋದರೆ ನಾನು ಬಂದದ್ದೇ ವ್ಯರ್ಥ. 2015ರ ಬರದ ವರ್ಷ ನಮ್ಮ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ರೈತರು ತಮ್ಮ ಕೈಯಾರೆ ಜೀವ ಕಳೆದುಕೊಂಡರು. ಸಾಯುವ ಯೋಚನೆ ಬಹಳ ಮಂದಿಗೆ ಮೋಡದ ಹಾಗೆ ಬಂದು ಹೋಗುವಂಥದ್ದು. ಆ ಒಂದು ಗಳಿಗೆ ದಾಟಿಸಿದರೆ ಮನುಷ್ಯ ಉಳಿಯುತ್ತಾನೆ. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗುವ ಹಾಗೆ ಇರಬಾರದು. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಅರ್ಧಕ್ಕಿಂತ ಕೆಳಗೆ ಇಳಿದವು. ಬೆಳೆ ಏನೂ ಕಡಿಮೆಯಾಗಲಿಲ್ಲ. ಆದ್ದರಿಂದ ಸಂಘದವರಲ್ಲಿ ಕೈಮುಗಿದು ಕೇಳುತ್ತೇನೆ: ಔಷಧಿ ಬೇಕಾದಷ್ಟೇ ಕೊಡಿ. ಉಳಿದದ್ದನ್ನು ವಾಪಸು ತಂದಿಡಲಿಕ್ಕೆ ಗೋದಾಮಿನಲ್ಲಿ ಬೀಗ ಹಾಕುವ ಒಂದು ಪೆಟ್ಟಿಗೆ ಮಾಡಿಸಿ. ಮನೆಯಲ್ಲಿ ಇಡಲೇಬೇಕಾದರೆ ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ. ಬೆಳ್ಳಿಹಬ್ಬದ ನೆನಪಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇಡ.

ಎರಡನೆಯದು, ಕಾರ್ಯದರ್ಶಿಗಳಿಗೆ. ಯಾವ ಸದಸ್ಯ ತಿಂಗಳಿಂದ ಸಂಘದ ಕಡೆ ತಲೆ ಹಾಕಿಲ್ಲ, ಯಾರು ದಾರಿ ತಪ್ಪಿಸಿ ಓಡಾಡುತ್ತಿದ್ದಾರೆ ಎಂಬುದು ನಿಮಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ನೋಟೀಸು ಹೋಗುವ ಮೊದಲು ಒಬ್ಬ ಮನುಷ್ಯ ಹೋಗಲಿ. ಸಾಲದ ಮಾತು ಎರಡನೆಯದಾಗಲಿ, "ಊಟ ಮಾಡ್ತಾ ಇದ್ದೀಯೇನಪ್ಪಾ, ನಿದ್ದೆ ಬರ್ತದಾ?" ಎಂಬ ಮಾತು ಮೊದಲಾಗಲಿ. "ಸಾಯಬೇಕು ಅನ್ನಿಸ್ತದಾ?" ಅಂತ ನೇರವಾಗಿ ಕೇಳಲಿಕ್ಕೂ ಹೆದರಬೇಡಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ; ಇದ್ದ ಯೋಚನೆ ಹೊರಗೆ ಬಂದು ಹಗುರವಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸು ಆಗುತ್ತದೆ ಅಂತ ತಡ ಮಾಡಬೇಡಿ. ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಎಲ್ಲಿಗೆ ಹೋಗಬೇಕು? 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ಆರಂಭಿಸಿ, ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಮಾಡಿತು. ಯಾವ ದಿನ ಬರುತ್ತಾರೆ ಎಂದು ಶಿಕಾರಿಪುರ, ಸೊರಬದ ಆಸ್ಪತ್ರೆಗಳಲ್ಲಿ ವಿಚಾರಿಸಿಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವೇ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಇದೆ, ನಂಬರು 14416. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡ ಮಾನಸಿಕ ಕಾಯಿಲೆಗೂ ಹಳ್ಳಿಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯಬಹುದು ಎಂಬುದನ್ನು ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದ್ದಾರೆ. ಶಿವಮೊಗ್ಗದ ಡಾ. ಕೆ.ಎ. ಅಶೋಕ್ ಪೈ ಅವರು 2016ರಲ್ಲಿ ನಿಧನರಾಗುವವರೆಗೂ ಲೇಖನ, ಭಾಷಣ, 'ಕಾಡಿನ ಬೆಂಕಿ'ಯಂಥ ಸಿನಿಮಾದ ಮೂಲಕ ಈ ವಿಷಯದ ಮೇಲಿನ ನಾಚಿಕೆ ಬಿಡಿಸಲು ದುಡಿದರು. ದೇವರಿಗೆ ಹರಕೆ ಹೊರಬೇಡಿ ಅಂತ ನಾನು ಹೇಳುವುದಿಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ. ಡಾಕ್ಟರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಕೊನೆಯದಾಗಿ, ಒಂದು ಮನೆಗೆಲಸ ಕೊಡುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ತಾರೀಕು ಬರೆಯುತ್ತೀರಲ್ಲ, ಅದರ ಪಕ್ಕದಲ್ಲಿ ನಿಮ್ಮ ಮನೆಗೆ ಭಾರವಾಗುವ ತಿಂಗಳಿಗೂ ಒಂದು ಗುರುತು ಹಾಕಿ. ಮಳೆ ಬರುವ ಮೊದಲು ಸೌದೆ ಒಳಗೆ ಹಾಕುತ್ತೇವೆ, ಹೆಂಚು ಕೈಯಾಡಿಸುತ್ತೇವೆ. ಹಾಗೆಯೇ ಆ ತಿಂಗಳು ಬರುವ ಮೊದಲು ಸಂಘಕ್ಕೆ ಬಂದು ಸಾಲದ ಮಾತಾಡಿ, ಮನೆಯಲ್ಲಿ ಒಟ್ಟಿಗೆ ಕೂತು ಉಣ್ಣಿ, ಮಕ್ಕಳಿಗೆ "ಫೇಲಾದರೂ ಮನೆಗೇ ಬಾ" ಅಂತ ಮೊದಲೇ ಹೇಳಿ. ಮತ್ತು ಯಾರ ಮೈಯ ಬಗ್ಗೆಯೂ ಮಾತಾಡದೆ ಒಂದು ವರ್ಷ ಇದ್ದು ನೋಡಿ. ಸಂಘದ ತಕ್ಕಡಿ ಗೊಬ್ಬರದ ಚೀಲ ತೂಗಲಿಕ್ಕೆ ಇರುವುದು, ಮನುಷ್ಯರನ್ನಲ್ಲ.

ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಇಂದು ಇಲ್ಲಿ ಕುಳಿತವರೆಲ್ಲ ಅಂದೂ ಇಲ್ಲಿ ಕುಳಿತಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.